ಗುಂಪಿನಲ್ಲಿ ಹಾಕಿದ ಸಂಶಯವನ್ನು ಗುಂಪಿನಲ್ಲೇ ಹಿಂದಕ್ಕೆ ಪಡೆಯಿರಿ

ಈ ವಾರ ಬಂದ ಪತ್ರಗಳಲ್ಲಿ ಮೈಸೂರಿನ ಓದುಗರೊಬ್ಬರ ಪತ್ರವನ್ನು ನಾನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಇದು ಆರು ಸಾವಿರ ರೂಪಾಯಿ ಮುಂಗಡದ ವಿಷಯ ಎನ್ನಿಸಿತ್ತು; ಮೂರನೆಯ ಸಲ ಓದಿ ಮುಗಿಸುವ ಹೊತ್ತಿಗೆ ಮನಸ್ಸಿಗೆ ಬಹಳ ಸಂಕಟವಾಗಿತ್ತು. ಉಳಿದ ಪತ್ರಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಂಡು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಸಂಗತಿ ಇಷ್ಟು. ನೀವು ಬ್ಯಾಂಕಿನಿಂದ ನಿವೃತ್ತರಾಗಿ ಹೊಸ ಮನೆ ಕಟ್ಟಿಸಿದ್ದೀರಿ. ಕಳೆದ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋದಾಗ, ಕುಮಾರಕೃಪಾ ರಸ್ತೆಯ ಅಂಚಿನಲ್ಲಿ ಚಿತ್ರಗಳನ್ನು ಒರಗಿಸಿಕೊಂಡು ಕುಳಿತಿದ್ದ ಬ್ಯಾಡಗಿಯ ಹುಡುಗಿಯೊಬ್ಬಳ ತೈಲವರ್ಣ ಚಿತ್ರ ಕಣ್ಣಿಗೆ ಬಿತ್ತು. ಮೆಣಸಿನಕಾಯಿಯ ರಾಶಿಯ ಮುಂದೆ ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿರುವ ಆರು ಹೆಂಗಸರ ಚಿತ್ರ. ಹದಿನೆಂಟು ಸಾವಿರಕ್ಕೆ ಮಾತಾಯಿತು. ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ, ಒಂದೂವರೆ ತಿಂಗಳು ಬಿಟ್ಟು ಕಳುಹಿಸುತ್ತೇನೆ ಎಂದು ಅವಳು ಹೇಳಿದ್ದರಿಂದ ಆರು ಸಾವಿರ ಮುಂಗಡ ಕೊಟ್ಟು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಂದಿರಿ. ಆ ಫೋಟೊವನ್ನು ನೋಡಿದ ನಿಮ್ಮ ಅಕ್ಕನ ಮಗ, ಸಾಫ್ಟ್‌ವೇರ್ ಕಂಪನಿಯಲ್ಲಿರುವವನು, ಅದನ್ನು ಯಾವುದೋ ಪತ್ತೆ ತಂತ್ರಾಂಶಕ್ಕೆ ಹಾಕಿ, ‘ಶೇಕಡ 83ರಷ್ಟು ಎಐ’, ಅಂದರೆ ಕೃತಕ ಬುದ್ಧಿಮತ್ತೆಯ ಯಂತ್ರ ಮಾಡಿದ್ದು, ಎಂದು ತೋರಿಸಿದ. ಅವಳು ಚಿತ್ರ ಬರೆಯುತ್ತಿರುವ ವಿಡಿಯೊ ತರಿಸಿಕೊಳ್ಳಿ ಎಂದ. ಹುಡುಗಿ ‘ವಿಡಿಯೊ ಮಾಡಿಲ್ರಿ ಮೇಡಂ, ಮನ್ಯಾಗ ಫೋನ್ ಒಂದೇ ಐತಿ, ಹಗಲೊತ್ತು ತಮ್ಮನ ಕಡೆ ಇರತೈತಿ’ ಎಂದು ಉತ್ತರಿಸಿ, ಕರಡು ಪುಸ್ತಕದ ಮೂರು ಪುಟಗಳ ಫೋಟೊ ಕಳುಹಿಸಿದಳು. ಆಮೇಲೆ ಅವಳಿಂದ ಮಾತಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಮುಂಗಡವನ್ನು ವಾಪಸು ಕೇಳಬಹುದೇ, ಕೇಳಿದರೆ ಪಾಪ ಸುತ್ತಿಕೊಳ್ಳುತ್ತದೆಯೇ’ ಎಂಬುದು ನಿಮ್ಮ ಪ್ರಶ್ನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಶ್ನೆಯಲ್ಲ, ಪತ್ರದ ನಡುವೆ ನೀವು ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿರುವ ಮಾತು: ‘ನಮ್ಮ ಮಹಿಳಾ ಸಮಾಜದ ಗುಂಪಿನಲ್ಲಿ ಸುಮ್ಮನೆ ಎಚ್ಚರಿಕೆಗೆಂದು ಹಾಕಿದ್ದೆ, ಅವಳ ಹತ್ತಿರ ಸಣ್ಣ ಚಿತ್ರಗಳನ್ನು ಹೇಳಿದ್ದ ಇಬ್ಬರು ಬೇಡವೆಂದರಂತೆ, ಅದು ಅವರವರ ಇಷ್ಟ.’ ಪತ್ರದ ಬೇರೆ ಬೇರೆ ಕಡೆ ನೀವೇ ಬರೆದಿರುವ ದಿನಗಳನ್ನು ನಾನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದುಕೊಂಡೆ. ಸೋಮವಾರ ವಿಡಿಯೊ ಕೇಳಿದಿರಿ. ಮಂಗಳವಾರ ಅವಳು ಕರಡಿನ ಪುಟಗಳನ್ನು ಕಳುಹಿಸಿದಳು. ಅದೇ ರಾತ್ರಿ ನೀವು ಗುಂಪಿಗೆ ಹಾಕಿದಿರಿ. ಬುಧವಾರ ನಿಮ್ಮ ಗೆಳತಿಯರಿಬ್ಬರೂ ‘ಎಐ ಅಂತೆ, ನಮಗೆ ಬೇಡ’ ಎಂದು ಅವಳಿಗೆ ತಿಳಿಸಿದರು. ಗುರುವಾರದಿಂದ ಅವಳು ಮಾತು ನಿಲ್ಲಿಸಿದಳು. ಕೇಳಿದ ಮರುದಿನವೇ ಉತ್ತರ ಕೊಟ್ಟವಳು, ಒಂದೇ ದಿನದಲ್ಲಿ ಎರಡು ಗಿರಾಕಿಗಳನ್ನು ಕಳೆದುಕೊಂಡ ಮೇಲೆ ಸುಮ್ಮನಾಗಿದ್ದಾಳೆ. ಈ ಮೌನವನ್ನು ಒಪ್ಪಿಗೆ ಎಂದು ಓದುವುದು ಅನ್ಯಾಯ. ಅವಳಿಗೆ ಅವಮಾನವಾಗಿದೆ.

ನಿಮ್ಮ ಸಂಶಯಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಯಂತ್ರ ಮಾಡಿದ ಚಿತ್ರವನ್ನು ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆಗಳಂತೆ ಕಾಣಿಸಿ ಮಾರಲು ಸಾಧ್ಯವಿದೆ. ಪರಿಣತರ ಕಣ್ಣೂ ಮೋಸ ಹೋಗುತ್ತದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಯಂತ್ರದಿಂದ ಮಾಡಿಸಿದ ಚಿತ್ರಕ್ಕೆ ಅಂತರರಾಷ್ಟ್ರೀಯ ಛಾಯಾಚಿತ್ರ ಪ್ರಶಸ್ತಿ ಬಂದಾಗ, ಅದು ಛಾಯಾಚಿತ್ರವಲ್ಲ ಎಂದು ಹೇಳಿ ಅವರೇ ಅದನ್ನು ನಿರಾಕರಿಸಿದರು. ಮರುವರ್ಷ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಕ್ಯಾಮೆರಾದಲ್ಲಿ ತೆಗೆದ ನಿಜವಾದ ಫ್ಲೆಮಿಂಗೊ ಹಕ್ಕಿಯ ಚಿತ್ರವನ್ನು ಬೇರೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳುಹಿಸಿದಾಗ, ತೀರ್ಪುಗಾರರು ಅದಕ್ಕೂ ಬಹುಮಾನ ಕೊಟ್ಟು, ಸತ್ಯ ತಿಳಿದ ಮೇಲೆ ಹಿಂಪಡೆದರು. ಯಂತ್ರದ ಕೆಲಸವನ್ನು ಮನುಷ್ಯನದೆಂದೂ ಮನುಷ್ಯನ ಕೆಲಸವನ್ನು ಯಂತ್ರದ್ದೆಂದೂ ತಿಳಿಯುವ ಎರಡೂ ತಪ್ಪುಗಳು ನಡೆಯುತ್ತಿರುವಾಗ, ಮೊಬೈಲಿನ ಒಂದು ಫೋಟೊ ನೋಡಿ ಒಬ್ಬರ ಜೀವನೋಪಾಯದ ಮೇಲೆ ತೀರ್ಪು ಕೊಡುವ ಧೈರ್ಯ ನಿಮ್ಮ ಅಕ್ಕನ ಮಗನಿಗೆ ಎಲ್ಲಿಂದ ಬಂತು?

ಅವನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ತಂತ್ರಜ್ಞಾನ ತಿಳಿದವನು ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಮೊದಲು ಹೇಳಬೇಕಾಗಿತ್ತು. ಅವನು ಪರೀಕ್ಷೆಗೆ ಹಾಕಿದ್ದು ಚಿತ್ರವನ್ನಲ್ಲ, ಚಿತ್ರದ ಫೋಟೊವನ್ನು. ಇಂದಿನ ಮೊಬೈಲ್ ಕ್ಯಾಮೆರಾ ತಾನೇ ಬಣ್ಣಗಳನ್ನು ನಯಗೊಳಿಸಿ ಗೆರೆಗಳನ್ನು ತಿದ್ದುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಾಗ ಅದು ಮತ್ತೊಮ್ಮೆ ಹಿಂಡಿಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿದ ಚುಕ್ಕಿಗಳನ್ನು ನೋಡಿ ಬಂದ ಶೇಕಡಾವಾರು ಲೆಕ್ಕ, ಬ್ಯಾಡಗಿಯ ಮನೆಯಲ್ಲಿ ಗೋಡೆಗೆ ಒರಗಿರುವ ಕ್ಯಾನ್ವಾಸಿನ ಬಗ್ಗೆ ಏನನ್ನೂ ಹೇಳಲಾರದು. ಬರಹ ಯಂತ್ರದ್ದೇ ಮನುಷ್ಯನದೇ ಎಂದು ಪತ್ತೆ ಮಾಡಲು ಓಪನ್‌ಎಐ ಸಂಸ್ಥೆ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ್ದ ಸಾಧನವನ್ನು, ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ತಾನೇ ಹಿಂದಕ್ಕೆ ಪಡೆಯಿತು.

ಅವನು ಕೊಟ್ಟ ಇನ್ನೊಂದು ಕಾರಣವಂತೂ ನನಗೆ ತಡೆಯಲಾಗಲಿಲ್ಲ. ‘ಆರು ಹೆಂಗಸರ ಮುಖಗಳೂ ಮುಚ್ಚಿವೆ, ಮುಖ ಸರಿಯಾಗಿ ಬರುವುದಿಲ್ಲವೆಂದು ಯಂತ್ರ ಮುಚ್ಚಿಟ್ಟಿದೆ’ ಎಂದನಂತೆ. ಒಂದು ಸಲ ಬ್ಯಾಡಗಿಯ ಮಾರುಕಟ್ಟೆಯೊಳಗೆ ಕಾಲಿಟ್ಟವರಿಗೆ ಆ ಸೆರಗು ಏಕೆ ಮೂಗಿನ ಮೇಲಿದೆ ಎಂದು ಹೇಳಿಕೊಡಬೇಕಾಗಿಲ್ಲ. ಆ ಘಾಟಿಗೆ ಗಂಟಲು ಕಟ್ಟುತ್ತದೆ, ಕಣ್ಣಲ್ಲಿ ನೀರು ಇಳಿಯುತ್ತದೆ, ಮೊದಲ ಹತ್ತು ನಿಮಿಷ ಸೀನುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ತಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ ಎಂದು ಹುಡುಗಿ ನಿಮಗೆ ಹೇಳಿದ್ದಳೆಂದು ನೀವೇ ಬರೆದಿದ್ದೀರಿ. ತಾಯಿಯ ಪಕ್ಕ ಕುಳಿತು ನೋಡಿದ್ದನ್ನು ಅವಳು ಹಾಗೆಯೇ ಬರೆದಿದ್ದಾಳೆ, ಆ ಕೆಲಸವನ್ನು ಎಂದೂ ಕಾಣದ ಹುಡುಗ ಅದನ್ನೇ ಕಳ್ಳತನದ ಗುರುತು ಎಂದು ತೋರಿಸಿದ್ದಾನೆ.

ಈ ಅಂಕಣದಲ್ಲಿ ನಾನು ಬೇರೆ ಬೇರೆ ಸಂದರ್ಭಗಳಲ್ಲಿ ಒಂದೇ ಮಾತನ್ನು ಬರೆಯುತ್ತ ಬಂದಿದ್ದೇನೆ, ಇಂದೂ ಬರೆಯುತ್ತೇನೆ: ಒಬ್ಬರ ಬಗ್ಗೆ ಅನುಮಾನ ಬಂದರೆ ಅವರನ್ನೇ ಕೇಳಿ, ಹತ್ತು ಜನರಿಗೆ ಹೇಳಿದ ಮೇಲೆ ಕೇಳಬೇಡಿ. ಹೆಸರು ಮಾಡಿದ ಕಲಾವಿದರನ್ನು ಈ ಅನುಮಾನ ಅಷ್ಟಾಗಿ ತಟ್ಟುವುದಿಲ್ಲ. ಬಿ.ಕೆ.ಎಸ್. ವರ್ಮ ಅವರು ತುಂಬಿದ ಸಭೆಯ ಮುಂದೆ ಹಾಡಿನ ಜೊತೆಜೊತೆಗೇ ಚಿತ್ರ ಬರೆಯುವುದನ್ನು ನಮ್ಮ ತಲೆಮಾರಿನವರು ಕಣ್ಣಾರೆ ನೋಡಿದ್ದೇವೆ. ಅವರ ಕೈಯ ಬಗ್ಗೆ ಸಾವಿರಾರು ಜನರ ಸಾಕ್ಷಿಯಿತ್ತು. ಇಪ್ಪತ್ತಮೂರು ವರ್ಷದ ಹುಡುಗಿಗೆ ಅಂತಹ ಸಾಕ್ಷಿಗಳು ಎಲ್ಲಿಂದ ಬರಬೇಕು? ಅವಳಿಗಿರುವುದು ನಿಮ್ಮಂತಹ ಮೊದಲ ಮೂರು ಗಿರಾಕಿಗಳು ಮಾತ್ರ.

ಸಾಕ್ಷಿ ಕೊಡುತ್ತೇನೆಂದರೂ ಕೇಳದ ಪ್ರಸಂಗಗಳೂ ಇವೆ. 2022ರ ಡಿಸೆಂಬರಿನಲ್ಲಿ ವಿಯೆಟ್ನಾಮಿನ ಡಿಜಿಟಲ್ ಕಲಾವಿದ ಬೆನ್ ಮೊರಾನ್ ಅವರ ಚಿತ್ರವನ್ನು ರೆಡಿಟ್ ಜಾಲತಾಣದ ಕಲಾ ಗುಂಪೊಂದು ಎಐ ಚಿತ್ರವೆಂದು ತೆಗೆದುಹಾಕಿತು. ಕೆಲಸದ ಪದರಗಳಿರುವ ಮೂಲ ಕಡತವನ್ನು ತೋರಿಸುತ್ತೇನೆ ಎಂದು ಅವರು ಹೇಳಿದರೂ ನಿರ್ವಾಹಕರು ಒಪ್ಪದೆ, ಬೇರೆ ಶೈಲಿಯನ್ನು ಹುಡುಕಿಕೊಳ್ಳುವಂತೆ ಹೇಳಿದರು. ಇದರ ಹಿಂದಿರುವ ನೋವನ್ನು ನೀವು ಅರ್ಥಮಾಡಿಕೊಳ್ಳಬೇಕು. ಚಿತ್ರ ಮಾಡುವ ಈ ಯಂತ್ರಗಳು ಕಲಿತದ್ದೇ ಕಲಾವಿದರ ಕೆಲಸದಿಂದ. ಸ್ಟೇಬಲ್ ಡಿಫ್ಯೂಷನ್ ಎಂಬ ತಂತ್ರಾಂಶಕ್ಕೆ ಪಾಠವಾದದ್ದು ಅಂತರಜಾಲದಿಂದ ಒಟ್ಟುಮಾಡಿದ 585 ಕೋಟಿ ಚಿತ್ರ-ಬರಹ ಜೋಡಿಗಳ ಸಂಗ್ರಹವೊಂದರಿಂದ ಆಯ್ದ ಭಾಗ. ಅದರಲ್ಲಿ ತಮ್ಮ ಚಿತ್ರ ಸೇರಿದ ಕಲಾವಿದರ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಕಳೆದುಕೊಂಡವರನ್ನೇ ಕದ್ದವರೆಂದು ಕರೆಯುವುದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುತ್ತಿಲ್ಲ.

ಹಾಗಾದರೆ ಕೊಳ್ಳುವವರು ಏನನ್ನೂ ಕೇಳಬಾರದೇ? ಕೇಳಬೇಕು, ಧಾರಾಳವಾಗಿ ಕೇಳಬೇಕು, ಆದರೆ ಹಣ ಕೊಡುವ ಮೊದಲು, ಚಿತ್ರದ ಮುಂದೆ ನಿಂತು, ಆಸೆಯಿಂದ ಕೇಳಬೇಕು. ಈ ಕೆಂಪನ್ನು ಹೇಗೆ ತಂದಿರಿ, ಮೊದಲು ಯಾವುದನ್ನು ಬರೆದಿರಿ, ಎಲ್ಲಿ ಕೆಟ್ಟು ಮತ್ತೆ ತಿದ್ದಿದಿರಿ, ಫೋಟೊ ಇಟ್ಟುಕೊಂಡಿದ್ದಿರಾ ಎಂದು ಕೇಳಿದರೆ ಕೈಯಾರೆ ಬರೆದವರು ಕಣ್ಣರಳಿಸಿ ಅರ್ಧ ಗಂಟೆ ಮಾತನಾಡುತ್ತಾರೆ. ಕರ್ನಾಟಕ ಚಿತ್ರಕಲಾ ಪರಿಷತ್ತು ರಸ್ತೆಯಲ್ಲಿ ಸಂತೆ ಕೂಡಿಸುವುದರ ದೊಡ್ಡ ಉಪಕಾರವೇ ಇದು; ನಡುವೆ ದಲ್ಲಾಳಿಯಿಲ್ಲದೆ, ಬರೆದವರೂ ಕೊಳ್ಳುವವರೂ ಎದುರುಬದುರು ನಿಲ್ಲುತ್ತಾರೆ. ಅಷ್ಟು ಹತ್ತಿರ ನಿಂತು ಬಂದ ನೀವು, ಮನೆಗೆ ಬಂದ ಮೇಲೆ ಫೋಟೊವನ್ನು ನಂಬಿದಿರಿ.

ಅಷ್ಟು ಹತ್ತಿರ ನಿಂತದ್ದಕ್ಕೆ ನಿಮ್ಮ ಬಳಿ ಗುರುತೂ ಇದೆ. ಜನರ ನೂಕುನುಗ್ಗಲಿನಲ್ಲಿ ನಿಮ್ಮ ರೇಷ್ಮೆ ಸೀರೆಯ ಸೆರಗು ಚಿತ್ರಕ್ಕೆ ತಾಗಿ ಕೆಂಪು ಬಣ್ಣ ಅಂಟಿತು, ಹುಡುಗಿ ಗಾಬರಿಯಾಗಿ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು, ಆದರೂ ಕಲೆ ಉಳಿದಿದೆ ಎಂದು ಬೇಸರದಿಂದ ಬರೆದಿದ್ದೀರಿ. ತೈಲವರ್ಣ ನೀರಿನಂತೆ ಆರುವುದಿಲ್ಲ. ಎಣ್ಣೆ ಗಾಳಿಯೊಂದಿಗೆ ಕೂಡಿ ನಿಧಾನವಾಗಿ ಗಟ್ಟಿಯಾಗಬೇಕು, ದಪ್ಪವಾಗಿ ಹಚ್ಚಿದಲ್ಲಿ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮುದ್ರಿಸಿದ ಕ್ಯಾನ್ವಾಸು ಸೆರಗಿಗೆ ಹೀಗೆ ಕೆಂಪು ಅಂಟಿಸುವುದಿಲ್ಲ. ಕಲ್ಪನೆಯನ್ನು ಅವಳು ಎಲ್ಲಿಂದಾದರೂ ನೋಡಿ ತೆಗೆದುಕೊಂಡಿದ್ದಾಳೆಯೇ ಎಂಬುದನ್ನು ಆ ಕಲೆ ಹೇಳಲಾರದು ಎಂಬುದು ನಿಜ. ಅದಕ್ಕೆ ಅವಳು ಕಳುಹಿಸಿದ ಮೂರು ಪುಟಗಳಿವೆ. ಒಂದರಲ್ಲಿ ಬರೀ ಕೈಗಳು, ಇನ್ನೊಂದರಲ್ಲಿ ನಾಲ್ಕೇ ಹೆಂಗಸರು, ಮೂರನೆಯದರಲ್ಲಿ ಆರು ಜನ, ರಾಶಿ ಬಲಗಡೆಯಿಂದ ಎಡಕ್ಕೆ ಬಂದಿದೆ ಎಂದು ನೀವು ವಿವರಿಸಿದ್ದೀರಿ. ಒಬ್ಬಳು ಯೋಚಿಸಿ, ಬದಲಾಯಿಸಿ, ಮತ್ತೆ ಯೋಚಿಸಿದ ದಾರಿ ಅದು. ವಿಡಿಯೊ ಇದಕ್ಕಿಂತ ಹೆಚ್ಚಿನದೇನನ್ನೂ ತೋರಿಸುತ್ತಿರಲಿಲ್ಲ.

ಮುಂಗಡದ ಬಗ್ಗೆ ನಾನು ಹೇಳುವುದಿಲ್ಲ, ಏಕೆಂದರೆ ಈಗ ಮಾಡಬೇಕಾದ ಕೆಲಸ ಅದಲ್ಲ. ನೀವು ಮಾಡಬೇಕಾದದ್ದು ಒಂದೇ, ಇಂದು ರಾತ್ರಿಯೇ ಮಾಡಬೇಕಾದದ್ದು. ಎಚ್ಚರಿಕೆಯನ್ನು ಯಾವ ಗುಂಪಿನಲ್ಲಿ ಹಾಕಿದಿರೋ ಅದೇ ಗುಂಪಿನಲ್ಲಿ, ಅದೇ ಜನರ ಮುಂದೆ, ಹುಡುಗಿಯ ಹೆಸರು ಹೇಳಿ ಬರೆಯಿರಿ: ‘ನಾನು ಆಧಾರವಿಲ್ಲದೆ ಹೇಳಿದ್ದೆ, ಆ ಚಿತ್ರವನ್ನು ನಾನು ಕಣ್ಣಾರೆ ನೋಡಿದ್ದೇನೆ, ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.’ ಇಬ್ಬರು ಗೆಳತಿಯರಿಗೆ ಬೇರೆಯಾಗಿ ಫೋನ್ ಮಾಡಿ ಸಮಾಧಾನ ಹೇಳಿದರೆ ಸಾಲದು, ಉಳಿದವರಿಗೆ ನಿಮ್ಮ ಹಳೆಯ ಮಾತೇ ನೆನಪಿರುತ್ತದೆ. ಅಕ್ಕನ ಮಗನನ್ನು ಕೇಳಿ ಬರೆಯಬೇಡಿ. ಬರೆದ ಮೇಲೆ ಅದನ್ನು ಆ ಹುಡುಗಿಗೂ ಕಳುಹಿಸಿ, ಅವಳು ಉತ್ತರ ಕೊಡಲು ತಡಮಾಡಿದರೆ ಕಾಯಿರಿ. ಬರೆಯುವಾಗ ಆ ಸೀರೆಯನ್ನು ಬೀರುವಿನಿಂದ ತೆಗೆದು, ಸೆರಗಿನ ಕೆಂಪು ಕಲೆಯ ಫೋಟೊವನ್ನೂ ಗುಂಪಿಗೆ ಹಾಕಿ.