ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಗೆ ಬಳಕೆಯ ನಿಯಮ ಬರೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, ಹತ್ತು ಕಂಪ್ಯೂಟರ್, ಒಂದು ಸ್ಮಾರ್ಟ್ ಟಿವಿ, ಹೊಸದಾಗಿ ಬಂದ ಇಂಟರ್ನೆಟ್. ನಿಯಮ ಬರೆದು ತನ್ನಿ ಎಂದು ಮುಖ್ಯಗುರುಗಳು ಹೇಳಿದ್ದಾರೆ. ಅಮೆರಿಕದ ಶಾಲೆಯೊಂದರ ಆರು ಪುಟದ ಮಾದರಿ ಸಿಕ್ಕಿದೆ, ಅದನ್ನೇ ಕನ್ನಡಕ್ಕಿಳಿಸಿದರೆ ಆಗುತ್ತದೆಯೇ?

ಆಗುವುದಿಲ್ಲ. ಅದು ಅಲ್ಲಿನ ಕಾನೂನಿನ ಅಳತೆಗೆ ಹೊಲಿದದ್ದು. ಇಂಟರ್ನೆಟ್ ವೆಚ್ಚದಲ್ಲಿ ಸರ್ಕಾರದ ರಿಯಾಯಿತಿ ಬೇಕಾದ ಶಾಲೆಗಳು ಫಿಲ್ಟರ್ ಹಾಕಬೇಕು, ಸುರಕ್ಷತಾ ನೀತಿ ಬರೆದಿಡಬೇಕು, ಅದರ ಬಗ್ಗೆ ಸಾರ್ವಜನಿಕ ಸಭೆ ನಡೆಸಬೇಕು ಎಂದು ಅಲ್ಲಿ 2000ರಲ್ಲಿ ಕಾಯ್ದೆ ಬಂತು. ಆ ಮಾದರಿಗಳಲ್ಲಿ ಕಾಣುವ '13 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ' ಎಂಬ ಸಾಲು 1998ರ ಇನ್ನೊಂದು ಅಮೆರಿಕನ್ ಕಾಯ್ದೆಯದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. 13 ಎಂದು ನಕಲು ಮಾಡಿದರೆ ನಿಮ್ಮ ಒಂಬತ್ತು, ಹತ್ತನೇ ತರಗತಿಯವರೆಲ್ಲ ಈ ರಕ್ಷಣೆಯಿಂದ ಹೊರಗುಳಿಯುತ್ತಾರೆ. ಆ ಮಾದರಿಯಿಂದ ತೆಗೆದುಕೊಳ್ಳಬೇಕಾದ್ದು ಒಂದೇ, ಪೋಷಕರನ್ನು ಕೂರಿಸಿಕೊಂಡು ಮಾತಾಡುವ ಆ ಸಭೆ.

ಇನ್ನೊಂದು ತಪ್ಪು ಎಷ್ಟೋ ಮಾದರಿಗಳಲ್ಲಿ ಇದೆ: ನಿಯಮವೆಲ್ಲ ಮಕ್ಕಳಿಗೆ. ಆದರೆ ಮಕ್ಕಳ ಮಾಹಿತಿ ಶಾಲೆಯಿಂದ ಹೊರಗೆ ಹೋಗುವುದು ಹೆಚ್ಚಾಗಿ ದೊಡ್ಡವರ ಕೈಯಿಂದ. ಮಕ್ಕಳ ದಾಖಲೆ ಇಡುವ ಸರ್ಕಾರಿ ತಂತ್ರಾಂಶವಾದ ಎಸ್‌ಎಟಿಎಸ್‌ನ ಪಾಸ್‌ವರ್ಡ್ ಕಚೇರಿಯ ಗೋಡೆ ಮೇಲೆ ಬರೆದಿರುತ್ತದೆ. ಬಿಸಿಯೂಟಕ್ಕೆ ಕೂತ ಮಕ್ಕಳ ಫೋಟೊ ನಾಲ್ಕು ವಾಟ್ಸ್‌ಆಪ್ ಗುಂಪು ಸುತ್ತುತ್ತದೆ. ಲ್ಯಾಬಿನ ಬ್ರೌಸರಿನಲ್ಲಿ ಯಾವುದೋ ಶಿಕ್ಷಕರ ಜಿಮೇಲ್ ತೆರೆದೇ ಉಳಿದಿರುತ್ತದೆ, ಮುಂದಿನ ಅವಧಿಗೆ ಬಂದ ಹುಡುಗ ಅದನ್ನು ನೋಡುತ್ತಾನೆ. ಹಾಗಾಗಿ ಮೊದಲ ಅರ್ಧ ಪುಟ ಶಿಕ್ಷಕರಿಗೆ, ಸಿಬ್ಬಂದಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಇರಲಿ. ಉಳಿದ ಅರ್ಧ ಮಕ್ಕಳಿಗೆ. ಒಂದೇ ಪುಟ ಸಾಕು. ಬಾಗಿಲಿಗೆ ಅಂಟಿಸಿ ದೂರದಿಂದ ಓದಲಾಗದ ನಿಯಮ ಯಾರಿಗೂ ನೆನಪಿರುವುದಿಲ್ಲ.

ಬರೆಯಲು ಕೂರುವ ಮೊದಲು ಕೋಣೆ ಸರಿಮಾಡಿ. ಮೇಜುಗಳನ್ನು ಮೂರು ಗೋಡೆಗೆ ತಾಗಿಸಿ, ಎಲ್ಲ ಪರದೆಗಳೂ ಕೋಣೆಯ ನಡುವೆ ನಿಂತವರಿಗೆ ಕಾಣುವಂತೆ ತಿರುಗಿಸಿ. ಯಾವ ಫಿಲ್ಟರಿಗಿಂತಲೂ ಇದು ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ. ಪ್ರತಿ ಯಂತ್ರಕ್ಕೆ 1ರಿಂದ 10ರವರೆಗೆ ದಪ್ಪಕ್ಷರದ ಸಂಖ್ಯೆ ಅಂಟಿಸಿ. ಒಂದು ರಿಜಿಸ್ಟರ್ ಇಡಿ: ದಿನಾಂಕ, ಅವಧಿ, ಯಂತ್ರದ ಸಂಖ್ಯೆ, ಮಗುವಿನ ಹಾಜರಿ ಸಂಖ್ಯೆ, ಕೂತಾಗ ಯಂತ್ರ ಹೇಗಿತ್ತು, ಏಳುವಾಗ ಹೇಗಿದೆ. 'ಕೂತಾಗ' ಎಂಬ ಅಂಕಣ ಬಿಡಬೇಡಿ. ಅದಿಲ್ಲದಿದ್ದರೆ ಹಿಂದಿನವರು ಮುರಿದದ್ದಕ್ಕೆ ಮುಂದಿನ ಮಗು ಬೈಸಿಕೊಳ್ಳುತ್ತದೆ. ತರಗತಿಯಲ್ಲಿ 40 ಮಕ್ಕಳಿದ್ದರೆ ಯಂತ್ರಕ್ಕೆ ಇಬ್ಬರಂತೆ 20 ಮಂದಿ ಒಂದು ದಿನ, ಉಳಿದವರು ಮರುದಿನ; ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಬೇಕು. ಇದನ್ನು ನಿಯಮದಲ್ಲೇ ಬರೆಯಿರಿ. ಇಲ್ಲವಾದರೆ ಮನೆಯಲ್ಲಿ ಫೋನ್ ಇರುವ ಮಗುವೇ ಇಡೀ ವರ್ಷ ಮೌಸ್ ಹಿಡಿಯುತ್ತದೆ, ಪಕ್ಕದ ಹುಡುಗಿ ನೋಡುತ್ತ ಕೂರುತ್ತಾಳೆ.

ವಿಂಡೋಸ್ ಇರಲಿ, ಉಬುಂಟು ಇರಲಿ, ಮಕ್ಕಳಿಗೆ ಆಡಳಿತಾಧಿಕಾರವಿಲ್ಲದ ಬೇರೆ ಖಾತೆ ಮಾಡಿ. ಆಡಳಿತ ಖಾತೆಯ ಪಾಸ್‌ವರ್ಡ್ ಅಂಟಿಸಿದ ಲಕೋಟೆಯಲ್ಲಿ ಮುಖ್ಯಗುರುಗಳ ಬೀರುವಿನಲ್ಲಿರಲಿ. ಶಿಕ್ಷಕರ ವರ್ಗಾವಣೆಯಾದಾಗ ಪಾಸ್‌ವರ್ಡೂ ಅವರ ಜೊತೆ ಹೊರಟುಹೋಗುವುದು ಸಾಮಾನ್ಯ. ಫೈರ್‌ಫಾಕ್ಸ್‌ನಲ್ಲಿ 'ಮುಚ್ಚಿದಾಗ ಇತಿಹಾಸ ಮತ್ತು ಕುಕೀ ಅಳಿಸು' ಆಯ್ಕೆ ಹಾಕಿ, ಪಾಸ್‌ವರ್ಡ್ ಉಳಿಸುವುದನ್ನು ನಿಲ್ಲಿಸಿ. ಪೆನ್‌ಡ್ರೈವ್ ಲ್ಯಾಬಿನದೇ ಒಂದಿರಲಿ, ಹೊರಗಿನದು ಬೇಡ. ಫೋಟೊ ಅಂಗಡಿ, ಜೆರಾಕ್ಸ್ ಅಂಗಡಿ ಸುತ್ತಿ ಬಂದ ಪೆನ್‌ಡ್ರೈವ್‌ನಿಂದಲೇ ವೈರಸ್ ಹತ್ತೂ ಯಂತ್ರಕ್ಕೆ ಹರಡುತ್ತದೆ.

ಫಿಲ್ಟರಿಗೆ ದುಡ್ಡು ಕೊಡಬೇಕಿಲ್ಲ. ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ರೌಟರಿನ ಡಿಎನ್‌ಎಸ್ ಜಾಗದಲ್ಲಿ ಕ್ಲೌಡ್‌ಫ್ಲೇರ್‌ನ ಕುಟುಂಬ ಸೇವೆಯ 1.1.1.3 ಮತ್ತು 1.0.0.3 ಹಾಕಿದರೆ ಅಶ್ಲೀಲ ತಾಣಗಳೂ ಹಾನಿಕಾರಕ ತಾಣಗಳೂ ಬಹುಪಾಲು ತೆರೆಯುವುದಿಲ್ಲ. ರೌಟರಿನ ಮೂಲ ಪಾಸ್‌ವರ್ಡ್ ಅವತ್ತೇ ಬದಲಿಸಿ. ಈ ಫಿಲ್ಟರ್ ಸೋಲುವುದು ಮೂರು ಕಡೆ. ಬ್ರೌಸರಿನಲ್ಲಿ 'ಸುರಕ್ಷಿತ ಡಿಎನ್‌ಎಸ್' ಚಾಲೂ ಇದ್ದರೆ ಅದು ರೌಟರನ್ನು ಕೇಳದೇ ಹೋಗಬಹುದು, ಆಫ್ ಮಾಡಿ. ಸಂಪರ್ಕದಲ್ಲಿ ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಇದ್ದರೆ ಅಲ್ಲೂ 2606:4700:4700::1113 ಹಾಕಬೇಕು, ಇಲ್ಲವೇ ಐಪಿವಿ6 ನಿಲ್ಲಿಸಬೇಕು. ಮೂರನೆಯದು, ನೆಟ್ ಹೋದಾಗ ಶಿಕ್ಷಕರು ತಮ್ಮ ಫೋನಿನ ಹಾಟ್‌ಸ್ಪಾಟ್ ಕೊಡುವುದು. ಆಗ ರೌಟರಿನ ಫಿಲ್ಟರ್ ಪೂರ್ತಿ ಪಕ್ಕಕ್ಕೆ. ಅದಕ್ಕೇ ಇದೇ ಸಂಖ್ಯೆಗಳನ್ನು ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲೂ ಹಾಕಿ. ಹಾಟ್‌ಸ್ಪಾಟ್‌ಗೆ ಸೇರಿಸಿದಾಗಲೂ ಹಾಕಬೇಕಾಗುತ್ತದೆ, ಏಕೆಂದರೆ ಒಂದೊಂದು ವೈಫೈಗೂ ಸೆಟ್ಟಿಂಗ್ ಬೇರೆ. ಯೂಟ್ಯೂಬ್ ಒಳಗಿನ ವಿಡಿಯೊಗಳನ್ನು ಈ ಡಿಎನ್‌ಎಸ್ ಸೋಸುತ್ತದೆಂದು ನಂಬಿ ಕೂರಬೇಡಿ. ಸ್ಮಾರ್ಟ್ ಟಿವಿಯಲ್ಲಿ ನಿರ್ಬಂಧಿತ ಮೋಡ್ ಹಾಕಿ, ಆಟೊಪ್ಲೇ ಆಫ್ ಮಾಡಿ, ಯಾರದೇ ಸ್ವಂತ ಖಾತೆಯಿಂದ ಲಾಗಿನ್ ಆಗಬೇಡಿ. ತೋರಿಸುವ ವಿಡಿಯೊವನ್ನು ಶಿಕ್ಷಕರು ಮೊದಲೇ ಕೊನೆಯವರೆಗೆ ನೋಡಿರಬೇಕು.

ಕರೆಂಟಿನ ಬಗ್ಗೆ ಎರಡು ಸಾಲು ಸಾಕು: ಹೋದ ತಕ್ಷಣ ಕೆಲಸ ಉಳಿಸಿ ಯಂತ್ರ ಮುಚ್ಚುವುದು, ಯುಪಿಎಸ್‌ಗೆ ಫ್ಯಾನ್, ಲೇಸರ್ ಪ್ರಿಂಟರ್ ಸಿಕ್ಕಿಸದಿರುವುದು.

ಒಪ್ಪಿಗೆ ಪತ್ರದ ವಿಷಯಕ್ಕೆ ಹೆಚ್ಚು ಸಮಯ ಕೊಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಂದೆತಾಯಿ ಗುಳೆ ಹೋಗಿರುತ್ತಾರೆ, ಮಗು ಅಜ್ಜಿಯ ಜೊತೆ ಇರುತ್ತದೆ. ಚೀಟಿ ಕೊಟ್ಟು ಕಳಿಸಿದರೆ ಪಕ್ಕದ ಮನೆಯ ಹುಡುಗ ಸಹಿ ಹಾಕಿ ಕಳಿಸುತ್ತಾನೆ. ಜೂನ್‌ನಲ್ಲಿ ದಾಖಲಾತಿಗೆ ಬಂದಾಗಲೇ ಓದಿ ಹೇಳಿ ಸಹಿ ಇಲ್ಲವೇ ಹೆಬ್ಬೆಟ್ಟು ಪಡೆಯಿರಿ. ಊರಲ್ಲಿಲ್ಲದವರಿಗೆ ಫೋನಿನಲ್ಲಿ ಓದಿ ಹೇಳಿ, ದಿನಾಂಕ ಬರೆದಿಟ್ಟು, ಬಂದಾಗ ಸಹಿ ಪಡೆಯಿರಿ. ಮನೆಮಾತು ಉರ್ದುವೋ ತೆಲುಗೋ ಆಗಿದ್ದರೆ ಆ ಭಾಷೆ ಬಲ್ಲವರೇ ಓದಿ ಹೇಳಲಿ. ಪತ್ರದಲ್ಲಿ ಮೂರು ಪ್ರಶ್ನೆ ಬೇರೆಬೇರೆ ಇರಬೇಕು: ಲ್ಯಾಬ್ ಬಳಸಬಹುದೇ, ಶಾಲೆಯೊಳಗಿನ ಫಲಕದಲ್ಲಿ ಫೋಟೊ ಹಾಕಬಹುದೇ, ಹೊರಗೆ ಹಂಚಬಹುದೇ. ಫೋಟೊ ಬೇಡ ಎಂದವರ ಮಗುವಿಗೆ ಕಂಪ್ಯೂಟರ್ ತಪ್ಪಬಾರದು. ಒಪ್ಪಿದವರ ಫೋಟೊ ಜೊತೆಗೂ ಹೆಸರು, ತರಗತಿ, ಊರು ಒಟ್ಟಿಗೆ ಹಾಕಬೇಡಿ. ಎಐ ಚಾಟ್‌ಬಾಟ್‌ಗೆ ಮಕ್ಕಳ ಹೆಸರು, ಎಸ್‌ಎಟಿಎಸ್ ಸಂಖ್ಯೆ, ಅಂಕಪಟ್ಟಿ ಹಾಕಬಾರದು ಎಂಬುದನ್ನು ಶಿಕ್ಷಕರ ಭಾಗದಲ್ಲಿ ಬರೆಯಿರಿ.

ತಪ್ಪಾದಾಗ ಏನು? ಬಯ್ಯುವುದು, ಹೊಡೆಯುವುದು, ಹೆಸರು ತೆಗೆಯುವುದು ಬೇಡ. ಎಂಟನೇ ತರಗತಿಯವರೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಒಂಬತ್ತು, ಹತ್ತಕ್ಕೂ ಅದೇ ಅಳತೆ ಇಟ್ಟುಕೊಳ್ಳಿ. ಮೊದಲ ಸಲ ಮಾತು, ಎರಡನೇ ಸಲ ಒಂದು ವಾರ ಶಿಕ್ಷಕರ ಪಕ್ಕದ ಯಂತ್ರದಲ್ಲಿ ಕೂರುವುದು, ಮೂರನೇ ಸಲ ಮನೆಯವರನ್ನು ಕರೆಸುವುದು. ಮೌಸ್ ಕೆಟ್ಟರೆ ದಂಡ ಎಂದು ಮಾತ್ರ ಬರೆಯಬೇಡಿ, ಕೆಟ್ಟದ್ದನ್ನು ಮುಚ್ಚಿಡುತ್ತಾರೆ. ಮಗು ಫೋನ್ ತಂದಿದ್ದರೆ ಆಫ್ ಮಾಡಿ, ಹೆಸರು ಬರೆದ ಕವರಿನಲ್ಲಿಟ್ಟು, ಅವತ್ತೇ ಮನೆಯವರಿಗೆ ಕೊಡಿ. ಅದು ಆ ಮನೆಯ ಒಂದೇ ಫೋನ್ ಆಗಿರಬಹುದು. ಒಳಗೆ ಏನಿದೆ ಎಂದು ಯಾರೂ ತೆರೆದು ನೋಡಬಾರದು.

ಮಗುವೊಂದು ಬಂದು 'ನನ್ನ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾರೆ' ಎಂದರೆ ಆ ಗಳಿಗೆಯಲ್ಲಿ ಏನು ಮಾಡಬೇಕೆಂಬುದು ನಿಯಮದಲ್ಲಿ ದಪ್ಪಕ್ಷರದಲ್ಲಿರಬೇಕು. ಆ ಚಿತ್ರವನ್ನು ಸಹೋದ್ಯೋಗಿಗಳಿಗೆ ಕಳಿಸಬಾರದು, ಸಾಕ್ಷಿಗೆಂದು ನಿಮ್ಮ ಫೋನಿಗೆ ಇಳಿಸಿಕೊಳ್ಳಲೂಬಾರದು. ಮಗುವಿನ ಅಶ್ಲೀಲ ಚಿತ್ರ ಇಳಿಸಿಕೊಳ್ಳುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲೇ ಅಪರಾಧ. ಖಾತೆಯ ಹೆಸರು, ದಿನ, ಸಮಯ ಕಾಗದದಲ್ಲಿ ಬರೆದುಕೊಳ್ಳಿ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟವರಿಗೆ ಶಿಕ್ಷೆ ಇದೆ, ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಅದು ಒಂದು ವರ್ಷದವರೆಗೂ ಆಗಬಹುದು. 'ಊರಲ್ಲೇ ಕೂತು ಬಗೆಹರಿಸೋಣ' ಎಂದು ಹಿರಿಯರು ಬಂದರೂ ಇದು ಬದಲಾಗದು. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930: ಇವೆರಡನ್ನೂ ಪ್ರತಿ ಯಂತ್ರದ ಮೇಲೆ ಅಂಟಿಸಿ.

ಬರೆದಾದ ಮೇಲೆ ಎಸ್‌ಡಿಎಂಸಿ ಸಭೆಯಲ್ಲಿ ಓದಿ, ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿಸಿ. ಅದಕ್ಕೂ ಮೊದಲು ಎಂಟನೇ ತರಗತಿಯ ಮೂವರು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಮತ್ತೆ ಬರೆಯಿರಿ.