ಹೂಜಿ ಬಿಡದ ರಾಜಾ: ರಾತ್ರಿಯ ಸೆಕೆಯೇ ಕಾರಣ

ಪ್ರಶ್ನೆ: ಎಲೆತುದಿಯಲ್ಲಿ ಹೂಜಿಯಂಥ ಚೀಲ ಬಿಟ್ಟು ಕೀಟ ಹಿಡಿಯುವ ಹೂಜಿ ಗಿಡದ ಜಾತಿಯಾದ ನೆಪೆಂಥಿಸ್ ರಾಜಾ ಸಸಿ ತಂದು 14 ತಿಂಗಳಾಯಿತು. ಬಂದಿರುವುದು ಐದೇ ಎಲೆ. ಎಲೆತುದಿಯ ಕುಡಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಮೂಡಿ, ಅಲ್ಲೇ ಕಪ್ಪಾಗಿ ಒಣಗುತ್ತದೆ. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟಿದ್ದೇನೆ. ಹಗಲು 30, ರಾತ್ರಿ 25 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗೊಬ್ಬರ ಕೊಡಲೇ? ದೊಡ್ಡ ಕುಂಡಕ್ಕೆ ಬದಲಿಸಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಐದೇ ಎಲೆ ಎಂದು ಚಿಂತಿಸಬೇಡಿ. ಬೀಜದಿಂದ ಮೊಳೆತ ರಾಜಾ ಪೂರ್ತಿ ಬೆಳೆಯಲು ಹತ್ತು ವರ್ಷದವರೆಗೂ ಹಿಡಿದೀತು. ಎಲೆ ಎಣಿಸುವ ಬದಲು ಸ್ಕೇಲ್ ಹಿಡಿದು ಅಳೆಯಿರಿ. ಹೊಸ ಎಲೆ ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರ್ ಉದ್ದವಿದ್ದರೂ ಗಿಡ ಬೆಳೆಯುತ್ತಿದೆ ಎಂದೇ ಲೆಕ್ಕ. ಎಲೆಗಳು ಕಿರಿದಾಗುತ್ತಾ ಹೋದರೆ ಮಾತ್ರ ಎಚ್ಚರವಾಗಬೇಕು.

ತೊಂದರೆ ಇರುವುದು ರಾತ್ರಿಯ ಆ 25 ಡಿಗ್ರಿಯಲ್ಲಿ. ರಾಜಾ ಬೋರ್ನಿಯೊ ದ್ವೀಪದ ಕಿನಬಾಲು ಮತ್ತು ಅದರ ನೆರೆಯ ತಂಬುಯುಕೊನ್ ಬೆಟ್ಟಗಳಲ್ಲಷ್ಟೇ, ಸುಮಾರು 1,500ರಿಂದ 2,650 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ. ಹಗಲು ಎಲೆ ಕೂಡಿಟ್ಟ ಸಕ್ಕರೆಯನ್ನು ಗಿಡ ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ; ಸೆಕೆ ಏರಿದಷ್ಟೂ ಆ ಖರ್ಚು ಏರುತ್ತದೆ. ಕೈ ಬರಿದಾದ ಗಿಡ ಮೊದಲು ಬಿಟ್ಟುಕೊಡುವುದು ಹೂಜಿಯನ್ನೇ. ಹಗಲು 22ರಿಂದ 26, ರಾತ್ರಿ 12ರಿಂದ 16 ಡಿಗ್ರಿ ಇದಕ್ಕೆ ಹಿತ.

ಹವಾನಿಯಂತ್ರಿತ ಕೋಣೆ ಇಲ್ಲದಿದ್ದರೆ ದಪ್ಪ ಗೋಡೆಯ ಥರ್ಮಾಕೋಲ್ ಪೆಟ್ಟಿಗೆ ತನ್ನಿ. ಮೇಲೆ ಪಾರದರ್ಶಕ ಅಕ್ರಿಲಿಕ್ ಹಾಳೆ ಹೊದಿಸಿ. ಸಂಜೆ ಗಿಡಕ್ಕೆ ಬೆಳಕು ಕೊಡುವ ದೀಪ ಆರಿಸಿದ ಮೇಲೆ ಫ್ರೀಜರಿನಲ್ಲಿ ಗಟ್ಟಿಯಾದ ಒಂದು ಲೀಟರಿನ ಎರಡು ನೀರಿನ ಬಾಟಲಿಗಳನ್ನು ಒಳಗಿಡಿ, ಎಲೆಗೆ ತಾಗದಂತೆ. ಕಂಪ್ಯೂಟರಿನ ಪುಟ್ಟ ಫ್ಯಾನೊಂದು ಗಾಳಿ ಆಡಿಸುತ್ತಿರಲಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಕನಿಷ್ಠ–ಗರಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು, ಬಾಟಲಿ ಎಷ್ಟು ಬೇಕೆಂದು ಒಂದು ವಾರ ನೋಡಿ ನಿರ್ಧರಿಸಿ. ಪೆಟ್ಟಿಗೆಯಿಂದ ಇನ್ನೊಂದು ಲಾಭವೂ ಇದೆ: ತೇವಾಂಶ ಶೇ. 70ರ ಮೇಲೆ ನಿಲ್ಲುತ್ತದೆ. ಕುಡಿಯ ಮೊಗ್ಗು ಒಣಗಲು ಒಣಗಾಳಿಯೂ ಕಾರಣವಾಗಿರಬಹುದು. ವರ್ಷವಿಡೀ ಈ ಬಾಟಲಿ ಸೇವೆ ಆಗದು ಎನಿಸಿದರೆ ರಾಜಾವನ್ನು ಬಿಡುವುದೇ ಮೇಲು. ಬೆಚ್ಚಗಿನ ರಾತ್ರಿಗೆ ಹೂಜಿ ಗಿಡದ ಇನ್ನೊಂದು ಜಾತಿಯಾದ ಆಂಪುಲೇರಿಯಾ ಚೆನ್ನಾಗಿ ಒಗ್ಗುತ್ತದೆ.

ತಟ್ಟೆಯ ನೀರನ್ನು ಇಂದೇ ಚೆಲ್ಲಿ. ಈ ಬೇರಿಗೆ ತೇವದ ಜೊತೆ ಗಾಳಿಯೂ ಬೇಕು. ಮೇಲಿನಿಂದ ನೀರು ಹನಿಸಿ, ಪೂರ್ತಿ ಬಸಿಯಲು ಬಿಡಿ. ಮಳೆನೀರು ಅಥವಾ ಆರ್‌ಓ ನೀರು ಬಳಸಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 50 ಪಿಪಿಎಂ ದಾಟದಿರಲಿ. ದೀಪ ದಿನಕ್ಕೆ 12ರಿಂದ 14 ಗಂಟೆ ಸಾಕು.

ಕುಂಡ ಬದಲಿಸುವ ಕಾಲ ಬಂದಾಗ, ಅಂದರೆ ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ಪಾಚಿ ಕೊಳೆತು ಮೆತ್ತಗಾದಾಗ, ಉದ್ದನೆಳೆಯ ಸ್ಫ್ಯಾಗ್ನಮ್ ಪಾಚಿ ಮತ್ತು ಪರ್ಲೈಟ್ ಎಂಬ ಹಗುರ ಬಿಳಿ ಹರಳು ಸಮಪಾಲು ಬೆರೆಸಿ, ಹಿಂಡಿ ಒತ್ತದೆ ಸಡಿಲವಾಗಿ ತುಂಬಿ. ತೋಟದ ಮಣ್ಣು, ಕಾಂಪೋಸ್ಟ್ ಸೋಕಿಸಲೇಬೇಡಿ. ಬೇರು ಕಪ್ಪಗಿರುವುದನ್ನು ಕಂಡು ಕೊಳೆತಿದೆಯೆಂದು ಕತ್ತರಿಸುವವರಿದ್ದಾರೆ. ಹೂಜಿ ಗಿಡದ ಬೇರಿನ ಬಣ್ಣವೇ ಕಪ್ಪು. ಎರಡು ಬೆರಳ ನಡುವೆ ಹಿಡಿದು ನೋಡಿ: ಆರೋಗ್ಯವಂತ ಬೇರು ತಂತಿಯ ಹಾಗೆ ಬಿಗಿಯಾಗಿರುತ್ತದೆ, ಕೊಳೆತದ್ದು ಸಿಪ್ಪೆ ಜಾರಿ ಲೊಳಲೊಳ ಎನ್ನುತ್ತದೆ.

ಇನ್ನು ಗೊಬ್ಬರ. ಕಾಡಿನಲ್ಲಿ ಟ್ರೀ ಶ್ರೂ ಎಂಬ ಅಳಿಲಿನಂಥ ಪ್ರಾಣಿ ಹೂಜಿಯ ಅಂಚಿನ ಮೇಲೆ ಕೂತು ಮುಚ್ಚಳದ ಸಿಹಿ ನೆಕ್ಕುತ್ತದೆ, ಹಾಗೆಯೇ ಒಳಗೆ ಹಿಕ್ಕೆ ಹಾಕಿ ಹೋಗುತ್ತದೆ. ಬಾಡಿಗೆ ಕೊಟ್ಟಂತೆ! ಆದ್ದರಿಂದ ಆಹಾರ ಹೂಜಿಗೆ ಹಾಕಿ, ಬೇರಿಗಲ್ಲ. ಮುಂದೆ ಹೂಜಿ ಬಿಟ್ಟು ಮುಚ್ಚಳ ತೆರೆದ ಮೇಲೆ ತಿಂಗಳಿಗೊಮ್ಮೆ, ಅಕ್ವೇರಿಯಂ ಮೀನಿಗೆ ಹಾಕುವ ಒಣ ರಕ್ತಹುಳು ಒಂದೆರಡು ಸಾಕು. ಹೆಚ್ಚು ತುರುಕಿದರೆ ಹೂಜಿಯೇ ಕೊಳೆಯುತ್ತದೆ.

ಪ್ರಶ್ನೆ: ಸಾಗಿಸುವಾಗ ಹೂಜಿಯೊಳಗಿನ ದ್ರವ ಚೆಲ್ಲಿಹೋಯಿತು. ಏನು ಮಾಡಲಿ?

ಉತ್ತರ: ಮೂರರಲ್ಲೊಂದು ಭಾಗ ತುಂಬುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಹೂಜಿ ಹಸಿರಾಗಿರುವವರೆಗೂ ಹಾಗೇ ಬಿಡಿ, ಪೂರ್ತಿ ಒಣಗಿದ ಮೇಲೆ ಕತ್ತರಿಸಿ. ಹಸಿರೆಲೆಗೆ ಮಾತ್ರ ಕತ್ತರಿ ತಾಗದಿರಲಿ.