ವಿಮಾನದ ಫರ್ಮ್‌ವೇರ್ ತಂಡಕ್ಕೆ ಲೀಡ್ ಆಗುವ ಮೊದಲು ಏನು ಕಲಿಯಬೇಕು?

ಎಂಟು ವರ್ಷ ಕಾರುಗಳ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ಚಿಪ್‌ನಲ್ಲೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಬರೆದಿದ್ದೀರಿ. ಮುಂದಿನ ತಿಂಗಳು ಬೆಂಗಳೂರಿನ ಒಂದು ಏರೋಸ್ಪೇಸ್ ಕಂಪನಿಯಲ್ಲಿ ಆರು ಜನರ ತಂಡಕ್ಕೆ ಲೀಡ್ ಆಗಿ ಸೇರುತ್ತಿದ್ದೀರಿ. ಮೊದಲು ಏನು ಕಲಿಯಲಿ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ನನ್ನ ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ.

ಸ್ಟ್ಯಾಂಡರ್ಡ್ ಓದುವುದಂತೂ ಇದ್ದೇ ಇದೆ. ವಿಮಾನದ ಸಾಫ್ಟ್‌ವೇರ್‌ಗಿರುವ ಸುರಕ್ಷತಾ ಸ್ಟ್ಯಾಂಡರ್ಡ್ ಡಿಒ-178ಸಿ ಮೊದಲ ಸಲ ಕೈಗೆ ಬಂದಾಗ ಗಾಬರಿಯಾಗುತ್ತದೆ, ಆದರೆ ಅದರ ಮೂಲ ಪ್ರಶ್ನೆ ಒಂದೇ: ನಿಮ್ಮ ಸಾಫ್ಟ್‌ವೇರ್ ಕೈಕೊಟ್ಟರೆ ವಿಮಾನಕ್ಕೆ ಏನಾಗುತ್ತದೆ? ಉತ್ತರ ನೋಡಿಕೊಂಡು ಎ ಇಂದ ಇ ವರೆಗೆ ಒಂದು ಲೆವೆಲ್ ಕೊಡುತ್ತಾರೆ. ವಿಮಾನವೇ ಬೀಳಬಹುದು ಅಂದರೆ ಎ, ಅಲ್ಲಿ 71 ಗುರಿಗಳನ್ನು ಮುಟ್ಟಿದ್ದೇವೆಂದು ದಾಖಲೆ ಸಮೇತ ತೋರಿಸಬೇಕು. ಡಿ ಆದರೆ 26 ಸಾಕು. ಎ ಲೆವೆಲ್‌ನಲ್ಲಿ ಕೋಡಿನ ಒಂದು ಇಫ್ ("ಹೀಗಿದ್ದರೆ ಹೀಗೆ ಮಾಡು" ಎನ್ನುವ ಸಾಲು) ಒಳಗೆ ನಾಲ್ಕು ಕಂಡೀಷನ್ ಇದ್ದರೆ, ನಾಲ್ಕರಲ್ಲಿ ಪ್ರತಿಯೊಂದೂ ತಾನೊಂದೇ ಫಲಿತಾಂಶ ಬದಲಿಸುತ್ತದೆ ಎಂದು ಟೆಸ್ಟ್ ಮಾಡಿ ತೋರಿಸಬೇಕು. ಕಾರಿನ ಕಡೆ ಇಂಥದ್ದೇ ಸುರಕ್ಷತಾ ಸ್ಟ್ಯಾಂಡರ್ಡ್ ಆದ ಐಎಸ್‌ಒ 26262 ನೋಡಿದ್ದರೆ ಇದೆಲ್ಲ ಕೆಲವು ತಿಂಗಳಲ್ಲಿ ಒಗ್ಗುತ್ತದೆ.

ನನಗೆ ಜಾಸ್ತಿ ಸಮಯ ಹಿಡಿದದ್ದು ಬೇರೆ ವಿಷಯ. ತಂಡದ ಕಿರಿಯರು ಪ್ರಶ್ನೆ ಕೇಳಿದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವುದು.

ಬ್ಯಾಟರಿ ನೋಡಿಕೊಳ್ಳುವ ಒಂದು ಕಂಟ್ರೋಲರ್‌ನ ಕೋಡ್ ರಿವ್ಯೂ, ಅಂದರೆ ಬರೆದ ಕೋಡನ್ನು ತಂಡವೇ ಕೂತು ಪರಿಶೀಲಿಸುವುದು, ನಡೆದಿತ್ತು. ಸಂಜೆ ಐದೂವರೆ, ಎಲ್ಲರಿಗೂ ಬಸ್ಸಿನ ಚಿಂತೆ. ಸೇರಿ ಏಳು ತಿಂಗಳಾಗಿದ್ದ ಹುಡುಗಿ ಕೇಳಿದಳು, "ಮೇಡಂ, ಈ ಮಿಲಿಸೆಕೆಂಡ್ ಕೌಂಟರ್ ತುಂಬಿದ ಮೇಲೆ ಏನಾಗುತ್ತೆ?" ಅದು 32 ಬಿಟ್ ಕೌಂಟರ್, ತುಂಬಲು 49 ದಿನ 17 ಗಂಟೆ ಬೇಕು, ಆಮೇಲೆ ಮತ್ತೆ ಸೊನ್ನೆಯಿಂದ ಶುರು. "ಅಷ್ಟು ದಿನ ಯಾರು ಪವರ್ ಆಫ್ ಮಾಡದೆ ಇರ್ತಾರೆ? ಮುಂದೆ ಹೋಗೋಣ" ಎಂದೆ. ಅವಳು ಪೆನ್ನಿಗೆ ಕ್ಯಾಪ್ ಹಾಕಿ ನೋಟ್‌ಬುಕ್ ಮುಚ್ಚಿದಳು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಕರೆದಳು. ಕೌಂಟರ್ ಸೊನ್ನೆಯಿಂದ ಶುರುವಾಗುವ ಬದಲು, ತುಂಬಲು ಎರಡು ನಿಮಿಷ ಬಾಕಿ ಇರುವ ಸಂಖ್ಯೆಯಿಂದ ಶುರುವಾಗುವ ಹಾಗೆ ಮಾಡಿದ್ದಳು. ಪವರ್ ಹಾಕಿದೆವು. ಇಬ್ಬರೂ ಮಾತಾಡದೆ ಗಡಿಯಾರ ನೋಡುತ್ತಾ ನಿಂತೆವು. ಎರಡು ನಿಮಿಷಕ್ಕೆ ಸರಿಯಾಗಿ ಕೆಂಪು ದೀಪ ಹತ್ತಿತು. ಸೆನ್ಸರ್ ಉತ್ತರ ಕೊಡುತ್ತಿಲ್ಲ ಎಂದು ಫಾಲ್ಟ್. ಸೆನ್ಸರ್ ಚೆನ್ನಾಗಿಯೇ ಇತ್ತು. ಸೆನ್ಸರನ್ನು ಕೊನೆಯ ಸಲ ಓದಿದ ಸಮಯಕ್ಕೆ ನೂರು ಮಿಲಿಸೆಕೆಂಡ್ ಕೂಡಿಸಿ, ಈಗಿನ ಸಮಯ ಅದನ್ನು ದಾಟಿದೆಯಾ ಎಂದು ಕೋಡ್ ನೋಡುತ್ತಿತ್ತು. ಕೂಡಿಸಿದ ಮೊತ್ತ 32 ಬಿಟ್‌ನಲ್ಲಿ ಹಿಡಿಸದೆ ತೀರಾ ಸಣ್ಣ ಸಂಖ್ಯೆಯಾಗಿಬಿಟ್ಟಿತ್ತು. ಕೂಡುವ ಬದಲು ಈಗಿನ ಸಮಯದಿಂದ ಹಿಂದಿನದನ್ನು ಕಳೆದು ನೋಡಿದರೆ ತೊಂದರೆಯೇ ಇಲ್ಲ. ಒಂದೇ ಸಾಲಿನ ಬದಲಾವಣೆ. ಆ ಸಾಲು ಬರೆದವಳು ನಾನೇ.

ಇದು ಬರೀ ಲ್ಯಾಬಿನ ಮಾತಲ್ಲ. 2015ರಲ್ಲಿ ಬೋಯಿಂಗ್ 787 ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಂದು ಆದೇಶ ಹೊರಡಿಸಿತು. ವಿಮಾನಕ್ಕೆ 248 ದಿನ ಸತತವಾಗಿ ಪವರ್ ಇದ್ದರೆ ಜನರೇಟರ್ ಕಂಟ್ರೋಲ್ ಯೂನಿಟ್‌ಗಳ ಒಳಗಿನ ಒಂದು ಕೌಂಟರ್ ತುಂಬಿ, ಎಲ್ಲವೂ ಒಟ್ಟಿಗೆ ಕೆಲಸ ನಿಲ್ಲಿಸಬಹುದು, ಆದ್ದರಿಂದ ಆಗಾಗ ಪವರ್ ಆಫ್ ಮಾಡಿ ಎಂದು. ಸೆಕೆಂಡಿನ ನೂರನೇ ಒಂದು ಭಾಗವನ್ನು 32 ಬಿಟ್ ಸೈನ್ಡ್ ಸಂಖ್ಯೆಯಲ್ಲಿ (ಮೈನಸ್ ಸಂಖ್ಯೆಗಳಿಗೂ ಜಾಗ ಬಿಡುವುದರಿಂದ ಅರ್ಧದಷ್ಟೇ ಎಣಿಸುವಂಥದ್ದು) ಎಣಿಸುತ್ತಾ ಹೋದರೆ ಅದು ತುಂಬುವುದೂ ಅಷ್ಟೇ ದಿನಕ್ಕೆ. "ಅಷ್ಟು ದಿನ ಯಾರು ಇರ್ತಾರೆ" ಎಂದು ನಾನು ಹೇಳಿದ ಮಾತು ನೆನಪಾದಾಗ ಈಗಲೂ ಬೇಸರವಾಗುತ್ತದೆ.

ಆಮೇಲೆ ರಿವ್ಯೂನಲ್ಲಿ ನಾನು ಕೊನೆಗೆ ಮಾತಾಡುವ ಅಭ್ಯಾಸ ಮಾಡಿಕೊಂಡೆ. ಸೇರಿ ಕಡಿಮೆ ದಿನ ಆದವರು ಮೊದಲು. ಲೀಡ್ ಬಾಯಿ ಬಿಟ್ಟ ಮೇಲೆ ಹೊಸಬರು ಬಾಯಿ ಬಿಡುವುದಿಲ್ಲ ಅಲ್ವಾ? ಕೌಂಟರ್‌ಗಳನ್ನು ತುಂಬುವ ಹತ್ತಿರದಿಂದ ಶುರು ಮಾಡಿ ನೋಡುವುದು ನಮ್ಮ ಟೆಸ್ಟ್ ಪಟ್ಟಿಯಲ್ಲಿ ಕಾಯಂ ಆಯಿತು.

ಇನ್ನೊಂದು ಕೆಲಸ ನಿಮ್ಮ ಮೇಲೇ ಬೀಳುತ್ತದೆ: ತಾರೀಖಿನ ಒತ್ತಡ. ಒಂದು ಬೋರ್ಡ್ ಮೈನಸ್ 40 ಡಿಗ್ರಿಯಲ್ಲಿ ಒಂದೇ ಸಲ ರೀಸೆಟ್ ಆಗಿತ್ತು. ಮತ್ತೆ ಕಾಣಿಸಲಿಲ್ಲ. "ಸುಮ್ನೆ ಕ್ಲೋಸ್ ಮಾಡಿ" ಎಂದು ಮೇಲಿನಿಂದ ಫೋನ್ ಬಂತು. ಹುಡುಗರಿಗೆ ಆ ಮಾತು ಹೇಳಲಿಲ್ಲ. ಇನ್ನೂ ಮೂರು ರಾತ್ರಿ ಥರ್ಮಲ್ ಚೇಂಬರ್ (ಬೋರ್ಡನ್ನು ಚಳಿಯಲ್ಲಿ, ಬಿಸಿಯಲ್ಲಿ ಇಟ್ಟು ನೋಡುವ ಪೆಟ್ಟಿಗೆ) ಬೇಕು ಎಂದು ನಾನೇ ಬರೆದು ಸಹಿ ಹಾಕಿದೆ. ಮೂರನೇ ರಾತ್ರಿ ಮತ್ತೆ ರೀಸೆಟ್ ಆಯಿತು. ಚಿಪ್‌ಗೆ ಗಡಿಯಾರದ ತಾಳ ಕೊಡುವ ಕ್ರಿಸ್ಟಲ್‌ನ ಒಂದು ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು.

ಹಾಗಾಗಿ ಸೇರಿದ ಮೊದಲ ವಾರ ಕೋಡ್ ತೆರೆಯುವ ಮೊದಲು, ಹಿಂದೆ "ಮತ್ತೆ ಕಾಣಿಸಲಿಲ್ಲ" ಎಂದು ಬರೆದು ಮುಚ್ಚಿರುವ ಪ್ರಾಬ್ಲಮ್ ರಿಪೋರ್ಟ್‌ಗಳನ್ನು ತರಿಸಿಕೊಂಡು ಓದಿ. ಆ ತೊಂದರೆಯನ್ನು ಮೊದಲು ಕಂಡವರು ಯಾರು ಎಂದು ಕೇಳಿ, ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.